ಜಿಲ್ಲೆಯ ಬೇಡಿಕೆ ಮತ್ತು ಕಾಲುವೆಯ ಲೆಕ್ಕ

ರಾಯಚೂರು ಜಿಲ್ಲೆಯನ್ನು ವಿಭಜಿಸಬೇಕೆಂಬ ಮಾತು ಹೊಸತಲ್ಲ. ಸಿಂಧನೂರು ಜಿಲ್ಲೆಯಾಗಲಿ ಎಂದು ಸಿಂಧನೂರಿನವರು, ಲಿಂಗಸುಗೂರು ಜಿಲ್ಲೆಯಾಗಲಿ ಎಂದು ಲಿಂಗಸುಗೂರಿನವರು ಕೇಳುತ್ತಲೇ ಬಂದಿದ್ದಾರೆ. ಇವೆರಡರ ನಡುವೆ ಅದೇ ಹೆದ್ದಾರಿಯ ಮೇಲಿರುವ ಮಸ್ಕಿಗೆ ತಾಲ್ಲೂಕಿನ ಸ್ಥಾನ ದೊರೆತದ್ದೇ 2018ರಲ್ಲಿ. ಜಿಲ್ಲಾ ಕಚೇರಿಯ ಕೆಲಸಕ್ಕಾಗಿ ಎಂಬತ್ತು ತೊಂಬತ್ತು ಕಿಲೋಮೀಟರ್ ದೂರದ ರಾಯಚೂರಿಗೆ ಹೋಗಿ, ದಿನದ ಕೂಲಿ ಕಳೆದುಕೊಂಡು, ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’ ಎಂಬ ಉತ್ತರದೊಂದಿಗೆ ಹಿಂದಿರುಗುವವರ ಅಳಲು ನ್ಯಾಯವಾದದ್ದೇ. ಆದರೆ ಈ ಭಾಗದಲ್ಲಿ ಗಡಿರೇಖೆಗಳನ್ನು ಯಾರು, ಯಾವ ಉದ್ದೇಶಕ್ಕೆ ಎಳೆದರು ಎಂಬುದನ್ನು ನೋಡದೆ ಇನ್ನೊಂದು ಗೆರೆ ಎಳೆಯುವುದು ಜಾಣತನವಾಗಲಾರದು.

ಲಿಂಗಸುಗೂರಿನ ವಾದಕ್ಕೆ ಇತಿಹಾಸದ ಬಲವಿದೆ. ಅದು ಹಿಂದೊಮ್ಮೆ ಜಿಲ್ಲೆಯಾಗಿತ್ತು. ಕೃಷ್ಣಾ–ತುಂಗಭದ್ರೆಗಳ ನಡುವಿನ ಈ ದೋಆಬ್ ಪ್ರದೇಶಕ್ಕಾಗಿ ಬಹಮನಿ ಸುಲ್ತಾನರೂ ವಿಜಯನಗರದ ಅರಸರೂ ತಲೆಮಾರುಗಳ ಕಾಲ ಕಾದಾಡಿದರು. ಮುದಗಲ್ಲಿನ ಕೋಟೆ ಅದಕ್ಕೆ ಸಾಕ್ಷಿ. ಆದರೆ ಆಧುನಿಕ ಆಡಳಿತ ಇಲ್ಲಿಗೆ ಬಂದದ್ದು ಯುದ್ಧದಿಂದಲ್ಲ, ಸಾಲದಿಂದ. ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ಖರ್ಚು ಭರಿಸಲಾಗದ ನಿಜಾಮ, 1853ರ ಒಪ್ಪಂದದಂತೆ ಬೀರಾರ್ ಮುಂತಾದ ಪ್ರಾಂತ್ಯಗಳ ಜತೆಗೆ ರಾಯಚೂರು ದೋಆಬನ್ನೂ ಬ್ರಿಟಿಷರಿಗೆ ಒಪ್ಪಿಸಿದ. ಇಲ್ಲಿನ ರೈತರ ಕಂದಾಯ ಸಿಪಾಯಿಗಳ ಸಂಬಳವಾಯಿತು. ಲಿಂಗಸುಗೂರಿನಲ್ಲಿ ದಂಡು ಬೀಡುಬಿಟ್ಟಿತ್ತು. 1858ರಲ್ಲಿ ಸುರಪುರದ ರಾಜಾ ವೆಂಕಟಪ್ಪ ನಾಯಕನ ಮೇಲೆ ಸೈನ್ಯ ಹೊರಟದ್ದು ಇಲ್ಲಿಂದಲೇ. 1857ರ ಬಂಡಾಯದಲ್ಲಿ ತಮ್ಮ ಪಕ್ಷ ವಹಿಸಿದ ನಿಜಾಮನಿಗೆ ಬ್ರಿಟಿಷರು 1860ರಲ್ಲಿ ದೋಆಬನ್ನು ಮರಳಿಸಿದರು. ಪ್ರಧಾನಿ ಸಾಲಾರ್ ಜಂಗ್ 1865ರಲ್ಲಿ ಜಿಲ್ಲಾ ಪದ್ಧತಿಯನ್ನು ಜಾರಿಗೆ ತಂದ. ಲಿಂಗಸುಗೂರು, ಸಿಂಧನೂರು, ಕುಷ್ಟಗಿ, ಗಂಗಾವತಿ, ಶಹಾಪುರ, ಸುರಪುರಗಳನ್ನು ಒಳಗೊಂಡ ಲಿಂಗಸುಗೂರು ಜಿಲ್ಲೆ 1905ರವರೆಗೆ ಬದುಕಿತ್ತು. ಆ ವರ್ಷದ ಪುನರ್ವಿಂಗಡಣೆಯಲ್ಲಿ ಅದನ್ನು ರದ್ದುಪಡಿಸಿ ಕೆಲವು ತಾಲ್ಲೂಕುಗಳನ್ನು ರಾಯಚೂರಿಗೂ ಕೆಲವನ್ನು ಕಲಬುರ್ಗಿಗೂ ಸೇರಿಸಲಾಯಿತು. 1997ರಲ್ಲಿ ಕೊಪ್ಪಳ, ಆ ಬಳಿಕ ಯಾದಗಿರಿ ಜಿಲ್ಲೆಗಳು ರಚನೆಯಾದ ಮೇಲೆ ಆ ಹಳೆಯ ಜಿಲ್ಲೆಯ ತುಣುಕುಗಳು ಇಂದು ಮೂರು ಜಿಲ್ಲೆಗಳಲ್ಲಿ ಹಂಚಿಹೋಗಿವೆ. ಲಿಂಗಸುಗೂರಿಗೆ ಉಳಿದದ್ದು ಉಪವಿಭಾಗಾಧಿಕಾರಿ ಕಚೇರಿ ಮಾತ್ರ. ಹಟ್ಟಿಯ ಚಿನ್ನದ ಗಣಿ ಈ ತಾಲ್ಲೂಕಿನಲ್ಲೇ ಇದೆ ಎಂಬುದು ಬೇರೆ ಮಾತು.

ಸಿಂಧನೂರಿನ ವಾದದ ಆಧಾರ ಕಾಲುವೆ. 1953ರಲ್ಲಿ ತುಂಗಭದ್ರಾ ಜಲಾಶಯದ ನೀರು ಹರಿಯತೊಡಗಿದ ಮೇಲೆ ಜೋಳ ಬೆಳೆಯುತ್ತಿದ್ದ ಕರಿನೆಲ ಭತ್ತದ ಗದ್ದೆಯಾಯಿತು. ಆಂಧ್ರದ ರೈತರು ಬಂದು ಕ್ಯಾಂಪುಗಳನ್ನು ಕಟ್ಟಿದರು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗೂ ಈ ತಾಲ್ಲೂಕಿನಲ್ಲೇ ನೆಲೆ ಸಿಕ್ಕಿತು. ಅಕ್ಕಿ ಗಿರಣಿಗಳು, ಟ್ರ್ಯಾಕ್ಟರ್ ಮಳಿಗೆಗಳು, 2024ರಲ್ಲಿ ಬಂದ ರೈಲು, ಇವೆಲ್ಲ ನೋಡಿದವರಿಗೆ ಸಿಂಧನೂರು ಶ್ರೀಮಂತ ಊರು. ಆದರೆ ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ಸಿಂಧನೂರನ್ನೂ ಲಿಂಗಸುಗೂರನ್ನೂ ‘ಅತ್ಯಂತ ಹಿಂದುಳಿದ’ ತಾಲ್ಲೂಕುಗಳ ಪಟ್ಟಿಯಲ್ಲಿಯೇ ಇರಿಸಿತು. ಭತ್ತ ಬೆಳೆದ ಮಾತ್ರಕ್ಕೆ ಶಾಲೆ, ಆಸ್ಪತ್ರೆಗಳು ತಾವಾಗಿ ಬರುವುದಿಲ್ಲವಲ್ಲ.

ಮಸ್ಕಿಯದು ವಿಚಿತ್ರ ಸ್ಥಿತಿ. 1915ರಲ್ಲಿ ಚಿನ್ನದ ನಿಕ್ಷೇಪ ಹುಡುಕುತ್ತಿದ್ದ ಎಂಜಿನಿಯರ್ ಸಿ. ಬೀಡನ್ ಕಂಡ ಶಾಸನದಿಂದಾಗಿ ‘ದೇವಾನಾಂಪ್ರಿಯ’ನೇ ಅಶೋಕ ಎಂಬುದು ದೃಢಪಟ್ಟಿತು. ಬ್ರಹ್ಮಗಿರಿ ಶಾಸನದಲ್ಲಿ ಸುವರ್ಣಗಿರಿಯ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಚಕ್ರವರ್ತಿಯ ಆಜ್ಞೆಯನ್ನು ರವಾನಿಸಿದ ಉಲ್ಲೇಖವಿದೆ. ಆ ಸುವರ್ಣಗಿರಿ ಮಸ್ಕಿಯ ಪರಿಸರದ್ದೇ ಎಂಬುದು ಕೆಲವು ವಿದ್ವಾಂಸರ ಊಹೆ. ಇಷ್ಟು ಪುರಾತನ ಊರು ತಹಶೀಲ್ದಾರರ ಕಚೇರಿಗಾಗಿ ಇಪ್ಪತ್ತೊಂದನೆಯ ಶತಮಾನದವರೆಗೆ ಕಾಯಬೇಕಾಯಿತು. ಅದಕ್ಕೆ ಹತ್ತು ವರ್ಷ ಮೊದಲೇ, 2008ರಲ್ಲಿ, ಮಸ್ಕಿ ವಿಧಾನಸಭಾ ಕ್ಷೇತ್ರವಾಗಿತ್ತು. ಮತ ಕೇಳುವ ನಕ್ಷೆ ಮೊದಲು, ಕಚೇರಿ ಕೊಡುವ ನಕ್ಷೆ ಆಮೇಲೆ!

ಆ ಕ್ಷೇತ್ರದ ಮತದಾರರು ಏನನ್ನು ಕೇಳಿದರು ಎಂಬುದು ಗಮನಾರ್ಹ. 2020ರ ಕೊನೆಯಲ್ಲಿ ಪಾಮನಕಲ್ಲೂರಿನಲ್ಲಿ ಧರಣಿ ಕುಳಿತ ರೈತರ ಬೇಡಿಕೆ ನಾರಾಯಣಪುರ ಬಲದಂಡೆಯ 5ಎ ಕಾಲುವೆ. ಸರ್ಕಾರ ನಂದವಾಡಗಿ ಏತ ನೀರಾವರಿಯ ಮಾತಾಡಿತು, ರೈತರು ಒಪ್ಪಲಿಲ್ಲ. 2018ರಲ್ಲಿ ಬರೇ 213 ಮತಗಳಿಂದ ಗೆದ್ದು, ಪಕ್ಷ ಬದಲಿಸಿ 2021ರ ಏಪ್ರಿಲ್‌ನ ಉಪಚುನಾವಣೆಗೆ ನಿಂತ ಪ್ರತಾಪಗೌಡ ಪಾಟೀಲರು, ಹಿಂದೆ ತಾವು ಸೋಲಿಸಿದ್ದ ಬಸನಗೌಡ ತುರ್ವಿಹಾಳರ ಎದುರು ಮೂವತ್ತು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಪಕ್ಷಾಂತರದ ಸಿಟ್ಟೂ ಅದರಲ್ಲಿತ್ತು, ನಿಜ. ಆದರೆ ಪ್ರಚಾರದುದ್ದಕ್ಕೂ ಕೇಳಿಬಂದ ಹೆಸರು 5ಎ.

ಜಿಲ್ಲೆಯ ಬೇಡಿಕೆಯ ದೌರ್ಬಲ್ಯವಿರುವುದು ಇಲ್ಲಿಯೇ. ಈ ಮೂರೂ ತಾಲ್ಲೂಕುಗಳ ರೈತನ ಹಣೆಬರಹ ಬರೆಯುವ ಕಚೇರಿ ಜಿಲ್ಲಾಧಿಕಾರಿಯದಲ್ಲ. ತುಂಗಭದ್ರಾ ಮಂಡಳಿ ಹೊಸಪೇಟೆಯ ಅಣೆಕಟ್ಟೆಯಲ್ಲಿ. ಎಡದಂಡೆ ಕಾಲುವೆಯ ಎಂಜಿನಿಯರುಗಳು ಮುನಿರಾಬಾದಿನಲ್ಲಿ. ನಾರಾಯಣಪುರದ ನೀರು 1994ರಲ್ಲಿ ಸ್ಥಾಪನೆಯಾದ ಕೃಷ್ಣಾ ಭಾಗ್ಯ ಜಲ ನಿಗಮದ ಕೈಯಲ್ಲಿ. 2024ರ ಆಗಸ್ಟ್‌ನಲ್ಲಿ ತುಂಗಭದ್ರೆಯ 19ನೇ ಗೇಟು ಕೊಚ್ಚಿಹೋದಾಗ ಸಿಂಧನೂರಿನ ರೈತರು ದಿಗಿಲಿನಿಂದ ನೋಡಿದ್ದು ಹೊಸಪೇಟೆಯ ಕಡೆಗೆ, ರಾಯಚೂರಿನ ಕಡೆಗಲ್ಲ.

ಹೊಸ ಜಿಲ್ಲೆಗಳ ಹಂಬಲ ನಮ್ಮಲ್ಲಷ್ಟೇ ಇಲ್ಲ. ಪಶ್ಚಿಮ ಆಫ್ರಿಕದ ಘಾನಾದಲ್ಲಿ 1988ರಲ್ಲಿ 110 ಆಗಿದ್ದ ಜಿಲ್ಲೆಗಳ ಸಂಖ್ಯೆ ಈಗ 261. ಕಚೇರಿಗಳು ಹಳ್ಳಿಗರಿಗೆ ಹತ್ತಿರವಾದವು. ಆದರೆ ಹಣಕ್ಕಾಗಿ ಬಹುತೇಕ ಜಿಲ್ಲೆಗಳು ಇಂದಿಗೂ ರಾಜಧಾನಿಯ ದಾರಿ ಕಾಯುತ್ತವೆ. ಕರ್ನಾಟಕದಲ್ಲಿ 2013ರ ಬಜೆಟ್‌ನಲ್ಲಿ 43 ತಾಲ್ಲೂಕುಗಳ ಘೋಷಣೆಯಾಗಿ, ಅವು ಅಸ್ತಿತ್ವಕ್ಕೆ ಬರಲು ಐದು ವರ್ಷ ಹಿಡಿದದ್ದನ್ನೂ ಮರೆಯುವಂತಿಲ್ಲ.

ಸಿಂಧನೂರು ಜಿಲ್ಲೆಯಾದರೆ ಇನ್ನೊಂದು ತೊಡಕು ಎದುರಾಗುತ್ತದೆ. ಎಡದಂಡೆ ಕಾಲುವೆಯ ಮೇಲ್ಭಾಗ 1997ರಿಂದ ಕೊಪ್ಪಳ ಜಿಲ್ಲೆಯಲ್ಲಿದೆ. ಅಲ್ಲಿ ಅಕ್ರಮವಾಗಿ ನೀರು ಎತ್ತುತ್ತಾರೆ ಎಂಬುದು ರಾಯಚೂರು ಜಿಲ್ಲೆಯ ರೈತರ ಹಳೆಯ ದೂರು. ಆದರೆ ರಾಯಚೂರಿನ ಜಿಲ್ಲಾಧಿಕಾರಿ ಹೊರಡಿಸುವ ನಿಷೇಧಾಜ್ಞೆ ಗಂಗಾವತಿಯಲ್ಲಿ ನಡೆಯದು. ಮಿತ ನೀರಾವರಿಗೆಂದು ರೂಪಿಸಿದ ಕಾಲುವೆಯ ಕೆಳಗೆ ಮೇಲ್ಭಾಗದವರು ಭತ್ತ ಬೆಳೆಯುತ್ತಾರೆ. ಮಾನ್ವಿ, ಸಿರವಾರ, ರಾಯಚೂರಿನ ಕೊನೆಭಾಗದವರು ನೀರಿಗಾಗಿ ರಸ್ತೆಗಿಳಿಯುತ್ತಾರೆ. ಈಗ ಸಿಂಧನೂರೂ ಮಾನ್ವಿಯೂ ಒಬ್ಬನೇ ಜಿಲ್ಲಾಧಿಕಾರಿಯ ಅಧಿಕಾರದಲ್ಲಿರುವುದರಿಂದ ಕನಿಷ್ಠ ಒಂದೇ ಮೇಜಿನ ಮುಂದೆ ಕುಳಿತು ಜಗಳವಾಡಬಹುದು. ವಿಭಜನೆಯಾದರೆ ಆ ಮೇಜೂ ಇರದು. ಕೊಪ್ಪಳದೊಂದಿಗೆ ಈಗಿರುವ ತಕರಾರು ಸಿಂಧನೂರು ಮತ್ತು ರಾಯಚೂರು ಎಂಬ ಎರಡು ಜಿಲ್ಲೆಗಳ ನಡುವಿನ ತಕರಾರೂ ಆಗುತ್ತದೆ. ಜಿಲ್ಲೆ ಬೇಕೆನ್ನುವವರೂ ಕೊಡುತ್ತೇವೆನ್ನುವವರೂ ಗಡಿ ಗುರುತಿಸುವ ಮೊದಲು ನೀರಿನ ಪಾಲನ್ನು ಲಿಖಿತವಾಗಿ ನಿಗದಿಪಡಿಸಬೇಕು: 69ನೇ ಮೈಲಿನಲ್ಲಿ ಎಷ್ಟು ಅಡಿ, 104ನೇ ಮೈಲಿನಲ್ಲಿ ಎಷ್ಟು ಅಡಿ, ಅದು ತಪ್ಪಿದರೆ ಉತ್ತರ ಕೊಡಬೇಕಾದ ಅಧಿಕಾರಿ ಯಾರು ಎಂಬುದನ್ನು.