ನಡುಗೋಡೆ ಯಾರದು?

ಹಳೇಬೀಡಿನ 12ನೇ ಶತಮಾನದ ಹೊಯ್ಸಳೇಶ್ವರ ದೇಗುಲವನ್ನು ಮನೆ ಕಟ್ಟುವವರ ಕಣ್ಣಿನಿಂದ ನೋಡಿದ್ದೀರಾ? ಅಲ್ಲಿರುವುದು ಹೊಯ್ಸಳೇಶ್ವರ, ಶಾಂತಲೇಶ್ವರ ಎಂಬ ಎರಡು ಗುಡಿ. ಜಗತಿ ಒಂದೇ, ನಡುವೆ ಮಂಟಪದ ನಂಟು. ಗರ್ಭಗುಡಿ, ಬಾಗಿಲು, ನಂದಿ ಬೇರೆ ಬೇರೆ.

ಅರಸೀಕೆರೆಯಲ್ಲೋ ಬೇಲೂರಿನಲ್ಲೋ ಒಂದೇ ನಿವೇಶನದಲ್ಲಿ ಜೋಡಿ ಮನೆ ಕಟ್ಟುವ ಅಣ್ಣತಮ್ಮಂದಿರೂ ಏನು ಕೂಡಿರಬೇಕು, ಏನು ಬೇರೆ ಎಂದು ಮೊದಲೇ ತೀರ್ಮಾನಿಸಬೇಕು. ನಡುಗೋಡೆಯ ಪಾಯ ಯಾರ ಜಾಗದಲ್ಲಿ? ನಾಳೆ ಒಬ್ಬರು ಮಹಡಿ ಎತ್ತಿದರೆ ಅದು ತಡೆದೀತೇ? ತಾರಸಿಯ ನೀರು ಯಾರ ಕಡೆಗೆ? ಆ ಗೋಡೆಗೆ ಕಿಟಕಿ ಇಡುವಂತಿಲ್ಲ, ನಡುಮನೆಗೆ ಬೆಳಕೆಲ್ಲಿಂದ?

ಆದ್ದರಿಂದ ಆರ್ಕಿಟೆಕ್ಟರನ್ನು ಕರೆಯಬೇಕಾದದ್ದು ಪಾಯ ತೋಡಿದ ಮೇಲಲ್ಲ, ಪಾಲುಪತ್ರ ಬರೆಯುವ ಮೊದಲು. ನಡುಗೋಡೆಯ ಹಕ್ಕು, ರಿಪೇರಿ ಖರ್ಚು ಎರಡನ್ನೂ ಅದೇ ಪತ್ರದಲ್ಲಿ ಬರೆಸಿ. ನಕ್ಷೆಯ ಗೆರೆಯನ್ನು ರಬ್ಬರಿನಿಂದ ಅಳಿಸಬಹುದು. ಗೋಡೆ ಎದ್ದ ಮೇಲೆ ತಕರಾರು ಬಂದರೆ ನಷ್ಟ ಎರಡೂ ಮನೆಗೆ.