‘ಗೇರ್‌ಬಾಕ್ಸ್ ಹೋಗೈತ್ರಿ’ ಅಂದ್ರ ಏನು ಹೋಗೈತಿ?

ಮುದ್ದೇಬಿಹಾಳ, ತಾಳಿಕೋಟಿ, ನಾಲತವಾಡ ಕಡೆಯ ರಸ್ತೆಗಳಲ್ಲಿ ಈಗ ಹಳೇ ಆಟೋಮ್ಯಾಟಿಕ್ ಕಾರುಗಳೂ ಕಾಣಿಸುತ್ತವೆ. ಬೆಂಗಳೂರು, ಪುಣೆಯ ಟ್ರಾಫಿಕ್ಕಿನಲ್ಲಿ ಎಂಟ್ಹತ್ತು ವರ್ಷ ದುಡಿದು, ರೇಟು ಇಳಿದ ಮೇಲೆ ನಮ್ಮ ಕಡೆ ಬಂದ ಗಾಡಿಗಳಿವು. ಅಪ್ಪಾಜಿಗೆ ಮೊಣಕಾಲು ನೋವು, ಕ್ಲಚ್ ತುಳಿಯೋಕಾಗಲ್ಲ ಅಂತ ಮನೆಯವರು ತಗೊಂಡಿರ್ತಾರೆ. ಒಂದು ದಿನ ‘ಡಿ’ಗೆ ಹಾಕಿದರೆ ಗಾಡಿ ಎರಡು ಸೆಕೆಂಡ್ ಸುಮ್ಮನೆ ನಿಂತು, ಆಮೇಲೆ ಝಟಕಾ ಹೊಡೆದು ಹೊರಡುತ್ತೆ. ಗ್ಯಾರೇಜಿನಲ್ಲಿ ಒಂದೇ ಮಾತು: “ಗೇರ್‌ಬಾಕ್ಸ್ ಹೋಗೈತ್ರಿ.” ಆ ಮಾತು ಕೇಳಿದ ಕೂಡಲೇ ಮನೆಯಲ್ಲಿ ತೊಗರಿ ಮಾರಿದ ದುಡ್ಡಿನ ಲೆಕ್ಕ ಶುರುವಾಗುತ್ತೆ.

ನಮ್ಮ ಅಭಿಪ್ರಾಯ ಇಷ್ಟೇ: ಗೇರ್‌ಬಾಕ್ಸ್ ಬಿಚ್ಚುವ ಮುಂಚೆ ಕ್ರಮವಾಗಿ ಪರೀಕ್ಷೆ ಆಗಬೇಕು, ಆ ಪರೀಕ್ಷೆಗೆ ಪ್ರತ್ಯೇಕವಾಗಿ ದುಡ್ಡು ಕೊಡಲು ನಾವು ಕಲೀಬೇಕು. ಇಲ್ಲದಿದ್ದರೆ ಎತ್ತು ಈಯಿತು ಅಂದ್ರೆ ಕೊಟ್ಟಿಗೆಗೆ ಕಟ್ಟು ಅಂದ ಹಾಗೇ ಆಗುತ್ತೆ.

ಮೊದಲ ಪ್ರಶ್ನೆ, ಇದು ಯಾವ ಆಟೋಮ್ಯಾಟಿಕ್? ಕ್ಲಚ್ ಪೆಡಲ್ ಇಲ್ಲದ ಗಾಡಿಗಳೆಲ್ಲ ಒಂದೇ ಅಲ್ಲ. 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ನಮ್ಮ ದೇಶಕ್ಕೆ ಬಂದ ಎಎಂಟಿಯ ಒಳಗಿರೋದು ಮಾಮೂಲಿ ಮ್ಯಾನುಯಲ್ ಗೇರ್‌ಬಾಕ್ಸ್, ಮಾಮೂಲಿ ಕ್ಲಚ್. ಕಾಲು ಮತ್ತು ಕೈ ಮಾಡುವ ಕೆಲಸವನ್ನು ಅಲ್ಲಿ ಆಕ್ಚುಯೇಟರ್ ಮಾಡುತ್ತೆ, ಅಷ್ಟೇ. ಟಾರ್ಕ್ ಕನ್ವರ್ಟರ್ ಇರುವ ಗಾಡಿಯಲ್ಲಿ ಎಣ್ಣೆಯ ಒತ್ತಡವೇ ಕ್ಲಚ್ ಪ್ಲೇಟುಗಳನ್ನು ಹಿಡಿಯುತ್ತೆ. ಸಿವಿಟಿಯಲ್ಲಿ ಬೆಲ್ಟು ಮತ್ತು ಪುಲ್ಲಿ. ಎಎಂಟಿ ಕ್ಲಚ್ ಸವೆದಿದ್ದರೆ ಕ್ಲಚ್ ಬದಲಿಸಿ, ಸ್ಕ್ಯಾನರ್‌ನಿಂದ ಹೊಸ ಕ್ಲಚ್ಚಿನ ಹಿಡಿತವನ್ನು ಕಂಪ್ಯೂಟರಿಗೆ ಮತ್ತೆ ಕಲಿಸಬೇಕು. ಸಿವಿಟಿಗೆ ಅದರದ್ದೇ ಎಣ್ಣೆ ಬೇಕು. ಡಬ್ಬದಲ್ಲಿರೋ ಕೆಂಪು ಎಣ್ಣೆ ಎಲ್ಲದಕ್ಕೂ ನಡೀತೈತಿ ಅಂತ ಸುರಿದರೆ ಚೆನ್ನಾಗಿದ್ದ ಗೇರ್‌ಬಾಕ್ಸೂ ಕೆಡುತ್ತೆ.

ಎರಡನೇ ಪ್ರಶ್ನೆ, ತೊಂದರೆ ನಿಖರವಾಗಿ ಏನು? ನಮ್ಮ ಕಡೆ “ಗಾಡಿ ಜಗ್ಗವಲ್ದು” ಅಂತಾರೆ. ಜಗ್ಗೋದು ಅಂದ್ರೆ ಎಳೆಯೋದು. ಈ ಒಂದೇ ಮಾತಿನೊಳಗೆ ಬೇರೆ ಬೇರೆ ದೂರು ಅಡಗಿರುತ್ತವೆ. ಗೇರ್ ಹಿಡಿಯೋಕೆ ತಡ ಮಾಡುತ್ತಾ? ಎಂಜಿನ್ ಆರ್‌ಪಿಎಂ ಏರಿದರೂ ವೇಗ ಏರದೆ ಜಾರುತ್ತಾ? ಗೇರ್ ಬದಲಾಗುವಾಗ ಝಟಕಾ ಹೊಡೆಯುತ್ತಾ? ಒಂದೇ ಗೇರಿನಲ್ಲಿ ಸಿಕ್ಕಿಕೊಂಡು ಮೇಲಕ್ಕೆ ಹೋಗಲ್ವಾ? ಇವು ನಾಲ್ಕೂ ಬೇರೆ. ಟಾರ್ಕ್ ಕನ್ವರ್ಟರ್ ಗಾಡಿಯಲ್ಲಿ ತಡ ಮತ್ತು ಜಾರು ಕಂಡರೆ ಮೊದಲ ಅನುಮಾನ ಎಣ್ಣೆಯ ಮಟ್ಟ ಮತ್ತು ಒತ್ತಡದ ಮೇಲೆ. ತಣ್ಣಗಿದ್ದಾಗ ಸರಿ ಇದ್ದು, ಬಿಸಿಯಾದ ಮೇಲೆ ಜಾರಿದರೆ, ತೆಳುವಾದ ಎಣ್ಣೆ ಸವೆದ ಸೀಲುಗಳಲ್ಲಿ ಸೋರಿ ಒತ್ತಡ ಬೀಳುತ್ತಿರಬಹುದು. ನಮ್ಮ ಮೇ ತಿಂಗಳ ಬಿಸಿಲಲ್ಲಿ ಈ ದೂರು ಬೇಗ ಹೊರಬೀಳುತ್ತೆ. ಒಂದೇ ಗೇರಿನಲ್ಲಿ ಸಿಕ್ಕಿಕೊಂಡರೆ ಹೆಚ್ಚಾಗಿ ಕಂಪ್ಯೂಟರೇ ರಕ್ಷಣೆಗೆ ಅಂತ ಹಾಗೆ ನಿಲ್ಲಿಸಿರುತ್ತೆ. ಆಗ ಮೊದಲು ಹುಡುಕಬೇಕಾದ್ದು ವೈರಿಂಗ್, ಸೆನ್ಸರ್, ಸೊಲೆನಾಯ್ಡ್. ಎರಡರಿಂದ ಮೂರಕ್ಕೆ ಹೋಗುವಾಗ ಮಾತ್ರ ಝಟಕಾ ಇದ್ದರೆ ಆ ಗೇರಿನ ಸೊಲೆನಾಯ್ಡ್ ಅಥವಾ ಕ್ಲಚ್ ನೋಡಬೇಕು. ‘ಡಿ’ ಅಥವಾ ‘ಆರ್’ಗೆ ಹಾಕಿದಾಗ ಮಾತ್ರ ಇದ್ದರೆ ಹರಿದ ಎಂಜಿನ್ ಮೌಂಟಿಂಗ್ ಕೂಡ ಕಾರಣ ಇರಬಹುದು. ಅದು ಗೇರ್‌ಬಾಕ್ಸಿನ ಹೊರಗಿರೋ ರಬ್ಬರು!

ಮೂರನೇದು, ಅಗ್ಗದ ಪರೀಕ್ಷೆ ಮೊದಲು. ಬ್ಯಾಟರಿ ವೋಲ್ಟೇಜ್ ಮತ್ತು ಅರ್ಥಿಂಗ್ ನೋಡಿ. ಬ್ರೇಕ್ ಲೈಟ್ ಹತ್ತುತ್ತಾ ನೋಡಿ. ಬ್ರೇಕ್ ಒತ್ತಿದ ಸಿಗ್ನಲ್ ಕಂಪ್ಯೂಟರಿಗೆ ಮುಟ್ಟದಿದ್ದರೆ ಎಷ್ಟೋ ಗಾಡಿಗಳು ‘ಪಿ’ಯಿಂದ ಕದಲೋದೇ ಇಲ್ಲ, ಎಎಂಟಿ ಗೇರಿಗೇ ಬೀಳಲ್ಲ. ಒಂದು ಸಣ್ಣ ಸ್ವಿಚ್ಚಿಗೆ ಗೇರ್‌ಬಾಕ್ಸ್ ಇಳಿಸಬೇಕಾ? ಎಣ್ಣೆಯ ಮಟ್ಟವನ್ನು ಸಮತಟ್ಟಾದ ನೆಲದಲ್ಲಿ, ಆ ಗಾಡಿಯ ಮ್ಯಾನುಯಲ್ ಹೇಳಿದ ಬಿಸಿಯಲ್ಲೇ ನೋಡಬೇಕು. ಎಂಜಿನ್ ಚಾಲೂ ಇಟ್ಟು ನೋಡಬೇಕೋ ಬಂದ್ ಮಾಡಿ ನೋಡಬೇಕೋ ಅನ್ನೋದೂ ಗಾಡಿಯಿಂದ ಗಾಡಿಗೆ ಬೇರೆ. ಕಮ್ಮಿಯಾದರೆ ಪಂಪು ಗಾಳಿ ಎಳೆಯುತ್ತೆ, ಹೆಚ್ಚಾದರೆ ಎಣ್ಣೆ ನೊರೆ ಬರುತ್ತೆ, ಎರಡರಲ್ಲೂ ಒತ್ತಡ ಬೀಳುತ್ತೆ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಮಾತ್ರ ಚಿಂತೆಗೆ ಕಾರಣ ಐತಿ, ಕ್ಲಚ್ ಪ್ಲೇಟುಗಳು ಸುಟ್ಟಿರಬಹುದು.

ಆಮೇಲೆ ಸ್ಕ್ಯಾನರ್. ಇಲ್ಲೂ ಒಂದು ಮೋಸ ಹೋಗೋ ಜಾಗ ಐತಿ. ಪಿ 0700 ಅಂತ ಕೋಡ್ ಬಂದ ಕೂಡಲೇ “ನೋಡ್ರಿ, ಕಂಪ್ಯೂಟರೇ ಹೇಳ್ತು” ಅಂತಾರೆ. ಆ ಕೋಡಿನ ಅರ್ಥ, ‘ಗೇರ್‌ಬಾಕ್ಸಿನ ಕಂಪ್ಯೂಟರಿನಲ್ಲಿ ಏನೋ ದೂರು ದಾಖಲಾಗಿದೆ, ಅಲ್ಲಿ ಹೋಗಿ ಕೇಳು’ ಅಂತ. ಎಂಜಿನ್ ಕೋಡ್ ಮಾತ್ರ ಓದುವ ಅಗ್ಗದ ರೀಡರಿಗೆ ಆ ಎರಡನೇ ದೂರು ಕಾಣಿಸೋದೇ ಇಲ್ಲ.

ಇಲ್ಲಿ ನಮ್ಮ ಕ್ಲಾಸಿನ ಮಾತು ಬರುತ್ತೆ. ಸನ್ ಗೇರಿಗೆ 30 ಹಲ್ಲು, ರಿಂಗಿಗೆ 70. ರಿಂಗ್ ಹಿಡಿದಿಟ್ಟು ಸನ್ ತಿರುಗಿಸಿ, ಕ್ಯಾರಿಯರಿನಿಂದ ಔಟ್‌ಪುಟ್ ತೆಗೆದರೆ ಅನುಪಾತ 3.33. ಈ ಲೆಕ್ಕ ನಾವೆಲ್ಲ ಪರೀಕ್ಷೆಗೆ ಬಾಯಿಪಾಠ ಮಾಡಿದ್ದೇವೆ. ಗಾಡಿಯ ಕಂಪ್ಯೂಟರ್ ಮಾಡೋದೂ ಇಂಥದ್ದೇ ಲೆಕ್ಕ. ಉದಾಹರಣೆಗೆ ಮೂರನೇ ಗೇರಿನ ಅನುಪಾತ 1.5 ಅಂತಿಟ್ಟುಕೊಳ್ಳಿ. ಇನ್‌ಪುಟ್ 2400 ಆರ್‌ಪಿಎಂ ಇದ್ದರೆ ಔಟ್‌ಪುಟ್ 1600 ಬರಬೇಕು. 1400 ಬಂತು ಅಂದ್ರೆ ಒಂದೋ ಒಳಗೆ ಕ್ಲಚ್ ಜಾರುತ್ತಿದೆ, ಇಲ್ಲಾ ಸೆನ್ಸರ್ ಸುಳ್ಳು ಹೇಳುತ್ತಿದೆ. ಪಿ 0730, ಅಂದರೆ ‘ಗೇರ್ ಅನುಪಾತ ಸರಿ ಇಲ್ಲ’ ಅನ್ನುವ ಕೋಡ್ ಹುಟ್ಟೋದು ಹೀಗೆ. ಹತ್ತು ಅಂಕದ ಲೆಕ್ಕಕ್ಕೆ ಊರಿನ ಗ್ಯಾರೇಜಿನಲ್ಲಿ ಇಷ್ಟು ಬೆಲೆ ಇದೆ. ಆದರೆ ಕ್ಲಾಸಿನಲ್ಲಿ ಕೊಡೋದು ಯಾವಾಗಲೂ ಸರಿಯಿರುವ ಗೇರು. ಕೆಟ್ಟ ಗೇರು ಕೊಟ್ಟು ‘ಎಲ್ಲಿ ಕೆಟ್ಟಿದೆ ಹೇಳು’ ಅನ್ನುವ ಪ್ರಶ್ನೆ ನಮಗೆ ಯಾಕೆ ಬರಲ್ಲ?

ತಪ್ಪು ಮೆಕ್ಯಾನಿಕ್ಕರದ್ದೇ ಅಂತ ನಾವು ಹೇಳುತ್ತಿಲ್ಲ. ಶಬ್ದ ಕೇಳಿಯೇ ಬೇರಿಂಗ್ ಗುರುತಿಸುವ ಕೈಗಳು ನಮ್ಮ ತಾಲೂಕಿನಲ್ಲಿವೆ. ಆದರೆ ಮೂರು ತಾಸು ಕೂತು ವೈರು ಹುಡುಕಿದವರಿಗೆ “ಏನೂ ಪಾರ್ಟ್ ಹಾಕಿಲ್ಲಲ್ರಿ, ರೊಕ್ಕ ಯಾಕ?” ಅಂತ ಕೇಳೋರು ನಾವೇ. ಪಾರ್ಟಿಗೆ ಮಾತ್ರ ದುಡ್ಡು ಸಿಗುತ್ತೆ ಅಂದ್ರೆ ಪಾರ್ಟ್ ಬದಲಾಗುತ್ತೆ, ಅದು ಸಹಜ. ಜೊತೆಗೆ ಅವರ ಹತ್ತಿರ ಆ ಗಾಡಿಯ ಸರ್ವಿಸ್ ಮ್ಯಾನುಯಲ್ ಇರಲ್ಲ, ಇದ್ದರೂ ಇಂಗ್ಲಿಷಿನಲ್ಲಿರುತ್ತೆ. ವಿಜಯಪುರ ಸುಮಾರು 80 ಕಿಲೋಮೀಟರ್ ದೂರ. ಗಾಡಿ ಎಳೆಸಿಕೊಂಡು ಅಲ್ಲಿಗೆ ಮುಟ್ಟೋದರೊಳಗೆ ಪರೀಕ್ಷೆಯ ಖರ್ಚಿಗಿಂತ ಹೆಚ್ಚು ಖರ್ಚು ದಾರಿಯಲ್ಲೇ ಆಗಿರುತ್ತೆ.

ಎಲ್ಲಾ ಪರೀಕ್ಷೆ ಮಾಡಿದರೂ ಕೆಲವು ಗೇರ್‌ಬಾಕ್ಸ್ ನಿಜಕ್ಕೂ ಹೋಗಿರುತ್ತವೆ, ಒಪ್ಪುತ್ತೇವೆ. ಆಗಲೂ ಪರೀಕ್ಷೆಯ ದುಡ್ಡು ದಂಡ ಅಲ್ಲ. ರಿಪೇರಿ ಮಾಡಿಸಬೇಕೋ, ಗಾಡಿ ಬಂದ ರೇಟಿಗೆ ಮಾರಬೇಕೋ ಅನ್ನೋದನ್ನು ಮನೆಯವರು ಗೊತ್ತಿದ್ದು ನಿರ್ಧರಿಸಬಹುದು.

ಕನ್ನಡ ಸಂಘ ಇದರಲ್ಲಿ ಮಾಡೋದೇನಿದೆ ಅಂತ ಕೇಳಬಹುದು. ಇದೆ. ಮೆಕ್ಯಾನಿಕಲ್‌ನವರು, ಎಲೆಕ್ಟ್ರಾನಿಕ್ಸ್‌ನವರು ಕೂತು ಒಂದೇ ಹಾಳೆಯ ಪ್ರಶ್ನಾವಳಿ ಮಾಡೋಣ: ಯಾವ ಆಟೋಮ್ಯಾಟಿಕ್, ತಡವೋ ಜಾರೋ ಝಟಕಾವೋ, ತಣ್ಣಗೋ ಬಿಸಿಗೋ, ಯಾವ ಗೇರು, ಎಣ್ಣೆ ಯಾವಾಗ ಬದಲಿಸಿದ್ದು, ಯಾವ ಕೋಡು. ನಮ್ಮ ಊರಿನ ಮಾತಿನಲ್ಲೇ ಇರಲಿ. ರಜೆಗೆ ಹೋಗುವಾಗ ನಾಲ್ಕು ಪ್ರತಿ ತಗೊಂಡು ಹೋಗಿ, ನಿಮ್ಮೂರಿನ ಗ್ಯಾರೇಜಿನಲ್ಲಿ ಒಂದು ತಾಸು ಕೂತು, ಅಲ್ಲಿಯ ಕಾಕಾನ ಕೇಳಿ: “ಕಾಕಾ, ಇದರಾಗ ಏನು ಬಿಟ್ಟೇವಿ?” ಅವರು ಸೇರಿಸಿದ ಸಾಲುಗಳನ್ನು ವಾಪಸ್ ತನ್ನಿ. ಹಾಳೆಯನ್ನು ಮುಂದಿನ ಸಂಚಿಕೆಯಲ್ಲಿ ಹಾಕೋಣ.