ಜಾಣತನಕ್ಕೆ ಚೀಟಿ ಅಂಟಿಸಬೇಕೆ?

ಬೆಂಗಳೂರಿನ ಕೋಣನಕುಂಟೆ ಕ್ರಾಸ್‌ಗೆ 2021ರ ಜನವರಿಯಲ್ಲಿ ಮೆಟ್ರೊ ಬಂತು. ಇಲ್ಲಿನ ಅಪಾರ್ಟ್‌ಮೆಂಟ್‌ಗಳ ಗೇಟಿನ ಒಳಗೆ ಒಂದು ಬಗೆಯ ಬಾಲ್ಯವಿದೆ, ಹೊರಗಿನ ತಗಡಿನ ಶೆಡ್ಡುಗಳಲ್ಲಿ ಇನ್ನೊಂದು ಬಗೆಯದು. ಒಳಗಿನ ಮೂರೂವರೆ ವರ್ಷದ ಕೂಸು ಯಾರೂ ಕಲಿಸದೆಯೇ ಬಸ್ಸಿನ ಬೋರ್ಡು ಓದಿದರೆ, ಸಂಜೆಯೊಳಗೆ ಊರಿನ ಅಜ್ಜಿಗೆ ಫೋನು ಹೋಗುತ್ತದೆ. ತಿಂಗಳೊಳಗೆ ಅಬ್ಯಾಕಸ್ ತರಗತಿಯ ವಿಚಾರಣೆ ನಡೆಯುತ್ತದೆ. ಹೊರಗೆ, ಯಾದಗಿರಿಯಿಂದಲೋ ರಾಯಚೂರಿನಿಂದಲೋ ಗಾರೆ ಕೆಲಸಕ್ಕೆ ಬಂದವರ ಮಗಳು ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡೇ ಇಟ್ಟಿಗೆ ಲೋಡಿನ ಲೆಕ್ಕವನ್ನು ಬಾಯಲ್ಲೇ ಹೇಳಿದರೆ, ‘ಚೂಟಿ ಹುಡುಗಿ’ ಎಂಬ ಮೆಚ್ಚುಗೆಯಲ್ಲೇ ಅದು ಮುಗಿಯುತ್ತದೆ. ಅಸಾಧಾರಣ ಬುದ್ಧಿಯ ಕುರುಹುಗಳನ್ನು ಎಳವೆಯಲ್ಲೇ ಹುಡುಕಿ, ಗುರುತಿಸಿ, ಹೆಸರಿಡಬೇಕೆ ಎಂಬ ಪ್ರಶ್ನೆಗೆ ಉತ್ತರ ಹೇಳುವವರು ಈ ಇಬ್ಬರನ್ನೂ ಎದುರಿಗೆ ಇಟ್ಟುಕೊಳ್ಳಬೇಕು.

ಗುರುತಿಸಬೇಕು ಎನ್ನುವವರ ವಾದ ಹೆಮ್ಮೆಯಿಂದ ಹುಟ್ಟಿದ್ದಲ್ಲ, ಕಳವಳದಿಂದ ಹುಟ್ಟಿದ್ದು. ವಯಸ್ಸಿಗೆ ಮೀರಿದ ಮಾತು, ಒಂದೇ ವಿಷಯದಲ್ಲಿ ಗಂಟೆಗಟ್ಟಲೆ ಮುಳುಗುವಿಕೆ, ಉತ್ತರ ಸಿಕ್ಕರೂ ನಿಲ್ಲದ ಪ್ರಶ್ನೆ, ಅನ್ಯಾಯ ಕಂಡರೆ ಅತಿಯಾಗಿ ನೋಯುವ ಮನಸ್ಸು: ಇವು ಕುರುಹುಗಳೆಂದು ಅನುಭವಿ ಶಿಕ್ಷಕರು ಬಲ್ಲರು. ಇವು ಯಾವಾಗಲೂ ಸದ್ಗುಣದ ವೇಷದಲ್ಲಿ ಬರುವುದಿಲ್ಲ. ನಲವತ್ತು ಮಕ್ಕಳ ತರಗತಿಯಲ್ಲಿ ಐದು ನಿಮಿಷಕ್ಕೆ ಲೆಕ್ಕ ಮುಗಿಸಿದ ಹುಡುಗ ಉಳಿದ ಹೊತ್ತನ್ನು ಪಕ್ಕದವನ ಮೇಲೆ ಕಳೆಯುತ್ತಾನೆ. ವರ್ಷದ ಕೊನೆಗೆ ‘ತರಲೆ’ ಎಂಬ ಹೆಸರು ಗಟ್ಟಿಯಾಗುತ್ತದೆ. ಅಕ್ಷರ ಕೂಡಿಸಲು ತೊಳಲಾಡುವ, ಆದರೆ ಕೈಯಲ್ಲಿ ಯಂತ್ರ ಬಿಚ್ಚಿ ಜೋಡಿಸುವ ಮಗುವಿಗೆ ‘ದಡ್ಡ’ ಎಂಬ ಪಟ್ಟ ಸಿಗುತ್ತದೆ. ಹೆಸರು ಹೇಗೂ ಅಂಟುತ್ತದೆ, ಸರಿಯಾದದ್ದೇ ಅಂಟಲಿ ಎನ್ನುವ ಇವರ ಮಾತನ್ನು ತಳ್ಳಿಹಾಕುವುದು ಸುಲಭವಲ್ಲ.

ಆದರೆ ಇನ್ನೊಂದು ಪಕ್ಷ ಕೇಳುವುದು ಹೀಗೆ: ಈ ಕುರುಹುಗಳು ಯಾವುದರ ಕುರುಹು? ಮೂರೂವರೆಗೆ ಓದಿದ್ದು ಬುದ್ಧಿಯೋ, ಮನೆಯ ತುಂಬ ಇರುವ ಪುಸ್ತಕವೋ? ಬೇಗ ಹೂಬಿಟ್ಟದ್ದು ಹೆಚ್ಚು ಕಾಯಿ ಕೊಡಲೇಬೇಕೆಂಬ ನಿಯಮವಿಲ್ಲ. ಅಮೆರಿಕದ ಲೂಯಿಸ್ ಟರ್ಮನ್ 1921ರಲ್ಲಿ ಕ್ಯಾಲಿಫೋರ್ನಿಯಾದ ಅತಿಬುದ್ಧಿವಂತ ಮಕ್ಕಳನ್ನು ಪರೀಕ್ಷೆಯಿಂದ ಆರಿಸಿ, ಸುಮಾರು 1,500 ಜನರನ್ನು ದಶಕಗಳ ಕಾಲ ಹಿಂಬಾಲಿಸಿದರು. ಅವರಲ್ಲಿ ಬಹುಪಾಲು ಜನ ಚೆನ್ನಾಗಿಯೇ ಬಾಳಿದರು. ಆದರೆ ನೊಬೆಲ್ ಯಾರಿಗೂ ಬರಲಿಲ್ಲ. ಪರೀಕ್ಷೆಗೆ ಕುಳಿತು ಆಯ್ಕೆಯಾಗದೆ ಹೊರಗುಳಿದ ವಿಲಿಯಂ ಶಾಕ್ಲಿಗೆ 1956ರಲ್ಲಿ, ಲೂಯಿಸ್ ಅಲ್ವಾರೆಜ್‌ಗೆ 1968ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು.

ಪರೀಕ್ಷೆಯ ಪರವಾಗಿಯೂ ಹೇಳಬೇಕಾದದ್ದಿದೆ, ಮತ್ತು ಅದನ್ನು ಹೇಳಬೇಕಾದವರು ಕನ್ನಡಿಗರೇ. ಪ್ಯಾರಿಸಿನಲ್ಲಿ ಆಲ್ಫ್ರೆಡ್ ಬಿನೆ 1905ರಲ್ಲಿ ತನ್ನ ಪರೀಕ್ಷೆಯನ್ನು ರೂಪಿಸಿದ್ದು ಮಕ್ಕಳನ್ನು ಸಾಲಾಗಿ ನಿಲ್ಲಿಸಲು ಅಲ್ಲ, ಯಾರಿಗೆ ನೆರವು ಬೇಕೆಂದು ತಿಳಿಯಲು. ಅದರ ಪರಿಷ್ಕೃತ ರೂಪವನ್ನು ಕಳೆದ ಶತಮಾನದ ಪೂರ್ವಾರ್ಧದಲ್ಲಿ ಧಾರವಾಡದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದವರು ವಿ. ವಿ. ಕಾಮತ್. ಬಿನೆ-ಕಾಮತ್ ಪರೀಕ್ಷೆ ಇಂದಿಗೂ ನಮ್ಮ ಚಿಕಿತ್ಸಾಲಯಗಳಲ್ಲಿ ಬಳಕೆಯಲ್ಲಿದೆ, ಹೆಚ್ಚಾಗಿ ಕಲಿಕೆಯಲ್ಲಿ ಹಿಂದುಳಿದ ಮಕ್ಕಳನ್ನು ಅಳೆಯಲು. ಮಗುವಿನ ಭಾಷೆಯಲ್ಲೇ ನಡೆಯುವ ಇಂಥ ಅಳತೆ, ಇಂಗ್ಲಿಷ್ ಪಟಪಟನೆ ಮಾತನಾಡಿದ್ದನ್ನೇ ಬುದ್ಧಿ ಎಂದುಕೊಳ್ಳುವ ದೊಡ್ಡವರ ಕಣ್ಣಿಗಿಂತ ನ್ಯಾಯವಾಗಿರಬಲ್ಲದು. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಪ್ರಾಧ್ಯಾಪಕಿ ಅನಿತಾ ಕುರುಪ್ ನೇತೃತ್ವದ ತಂಡ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಅಂಕವೊಂದನ್ನೇ ನಂಬದೆ, ಪಾಲಕರೂ ಶಿಕ್ಷಕರೂ ಮಗುವಿನ ನಡವಳಿಕೆ ನೋಡಿ ಹೇಳುವುದಕ್ಕೂ ಬೆಲೆ ಕೊಡುವ ಕ್ರಮವನ್ನು ಬೆಳೆಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ವಿಶೇಷ ಪ್ರತಿಭೆಯ ಮಕ್ಕಳಿಗೆ ಬೆಂಬಲ ಬೇಕೆಂದಿತು. ಅದೇ ಕಾಲಕ್ಕೆ 1963ರಿಂದ ನಡೆದಿದ್ದ ರಾಷ್ಟ್ರೀಯ ಪ್ರತಿಭಾನ್ವೇಷಣೆ ಪರೀಕ್ಷೆ ಸ್ಥಗಿತವಾಯಿತು. ಬೆಂಗಳೂರಿನಿಂದಲೇ ನಿರ್ವಹಣೆಯಾಗುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯೂ 2022ರಲ್ಲಿ ನಿಂತಿತು. ಬಾಗಿಲು ಮುಚ್ಚಿದಾಗ ಹೆಚ್ಚು ನಷ್ಟ, ಬೇರೆ ಬಾಗಿಲು ತಟ್ಟಲು ಹಣವಿಲ್ಲದ ಮನೆಯ ಮಗುವಿಗೆ.

ಬಾಗಿಲು ತೆರೆದಿದ್ದಾಗ ಯಾರು ಒಳಹೋದರು ಎಂಬುದು ಪ್ರತಿಪಕ್ಷದ ಮರುಪ್ರಶ್ನೆ. ಪ್ರತಿಭೆಗೆ ಪರೀಕ್ಷೆ ಇಟ್ಟ ಮರುವರ್ಷವೇ ಅದಕ್ಕೆ ಕೋಚಿಂಗ್ ಹುಟ್ಟುತ್ತದೆ; ಆಮೇಲೆ ಪರೀಕ್ಷೆ ಅಳೆಯುವುದು ಎಷ್ಟು ಬುದ್ಧಿಯನ್ನು, ಎಷ್ಟು ಶುಲ್ಕವನ್ನು ಎಂದು ಬೇರ್ಪಡಿಸುವುದು ಕಷ್ಟ. ಚೀಟಿಯ ಭಾರವೂ ಸಣ್ಣದಲ್ಲ. ಕ್ಲಾಡಿಯಾ ಮುಲ್ಲರ್ ಮತ್ತು ಕ್ಯಾರಲ್ ಡ್ವೆಕ್ 1998ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ‘ನೀನು ಜಾಣ’ ಎಂದು ಹೊಗಳಿಸಿಕೊಂಡ ಮಕ್ಕಳು, ಶ್ರಮಕ್ಕಾಗಿ ಹೊಗಳಿಸಿಕೊಂಡವರಿಗಿಂತ ಕಷ್ಟದ ಕೆಲಸದಿಂದ ಹೆಚ್ಚು ಹಿಂಜರಿದರು. ಒಮ್ಮೆ ಸೋತ ಮೇಲೆ ಬೇಗ ಕೈಚೆಲ್ಲಿದರು. ಅದೇ ಮನೆಯಲ್ಲಿ ಚೀಟಿ ಸಿಗದ ತಂಗಿಯೊಬ್ಬಳಿದ್ದರೆ ಅವಳಿಗೆ ಏನಾಗುತ್ತದೆಂದು ಅಳೆದು ತೋರಿಸಬೇಕಾಗಿಲ್ಲ.

ಎರಡೂ ಪಕ್ಷದವರು ಕರೆಯಬಹುದಾದ ಸಾಕ್ಷಿ ಈ ನಗರದಲ್ಲೇ ಇದ್ದರು. 1929ರಲ್ಲಿ ಬೆಂಗಳೂರಿನ ಬಡ ಕುಟುಂಬದಲ್ಲಿ ಹುಟ್ಟಿದ ಶಕುಂತಲಾ ದೇವಿಯ ಶಕ್ತಿಯನ್ನು, ಆಕೆಗೆ ಮೂರು ವರ್ಷವಾಗಿದ್ದಾಗ ಇಸ್ಪೀಟು ಆಟದ ನಡುವೆ ಗುರುತಿಸಿದವರು ಸರ್ಕಸ್ಸಿನಲ್ಲಿ ದುಡಿಯುತ್ತಿದ್ದ ಅಪ್ಪ. ಗುರುತಿಸುವಿಕೆ ಅದಕ್ಕಿಂತ ಬೇಗ ಆಗಲಾರದು. ಆದರೆ ಅದರ ಫಲವಾಗಿ ಸಿಕ್ಕಿದ್ದು ವೇದಿಕೆ, ಶಾಲೆಯಲ್ಲ. 1977ರಲ್ಲಿ ಆಕೆ 201 ಅಂಕಿಗಳ ಸಂಖ್ಯೆಯ 23ನೇ ಮೂಲವನ್ನು 50 ಸೆಕೆಂಡಿನಲ್ಲಿ ಹೇಳಿದ್ದನ್ನು ಜಗತ್ತು ಬೆರಗಿನಿಂದ ನೋಡಿತು. ಕ್ರಮವಾದ ಗಣಿತಶಿಕ್ಷಣ ದೊರೆತಿದ್ದರೆ ಆ ಮನಸ್ಸು ಎಲ್ಲಿ ತಲುಪುತ್ತಿತ್ತು ಎಂಬ ಪ್ರಶ್ನೆ ನನ್ನನ್ನು ಬಿಡುವುದಿಲ್ಲ. ಉತ್ತರ ಯಾರಲ್ಲೂ ಇಲ್ಲ. ಬೆಳಗಾವಿ ಸೀಮೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರನ ಬಾಳು ಬೇರೆ ದಾರಿ ಹಿಡಿಯಿತು. ದೊಡ್ಡ ಗಾಯಕರ ಗ್ರಾಮಫೋನ್ ತಟ್ಟೆ ಕೇಳಿ ಹಾಗೆಯೇ ಹಾಡುತ್ತಿದ್ದ ಆ ಬಾಲಕನಿಗೆ ‘ಕುಮಾರ ಗಂಧರ್ವ’ ಎಂಬ ಹೆಸರು ಎಳವೆಯಲ್ಲೇ ಅಂಟಿತು. ಅವನನ್ನೂ ಊರೂರು ಹಾಡಿಸಿದರು. ಆದರೆ ಮುಂಬೈಯಲ್ಲಿ ಬಿ. ಆರ್. ದೇವಧರ್ ಅವನನ್ನು ಶಿಷ್ಯನಾಗಿ ಕೂರಿಸಿಕೊಂಡು ವರ್ಷಗಟ್ಟಲೆ ಕಲಿಸಿದರು. ಅನುಕರಣೆಯಿಂದ ತೊಡಗಿದವನು ತನ್ನದೇ ದಾರಿಯ ಗಾಯಕನಾದ. ಇಬ್ಬರನ್ನೂ ಬೇಗ ಗುರುತಿಸಲಾಗಿತ್ತು, ಇಬ್ಬರಿಗೂ ಹೆಸರಿತ್ತು. ಬೇರೆಯಾದದ್ದು ಗುರುತಿಸಿದವರು ಮರುದಿನ ಕೊಟ್ಟದ್ದು. ಇಬ್ಬರ ಕಥೆಯಿಂದ ನಿಯಮ ಕಟ್ಟಲಾಗದು ಎಂಬ ಎಚ್ಚರಿಕೆಯೂ ಇಲ್ಲಿ ನ್ಯಾಯವೇ.

ಹೀಗೆ ಗುರುತಿಸಿದ ಮಗುವನ್ನು ಒಂದು ತರಗತಿ ದಾಟಿಸುವ ವಿಚಾರದಲ್ಲಿ ಹೆಚ್ಚು ಹೇಳಬೇಕಿಲ್ಲ. ಒಂದನೇ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮದಿಂದ ಪಾಲಕರಿಗಾದ ಆತಂಕ ನಿಜವಾದದ್ದೇ. ಆದರೆ ಲೆಕ್ಕದಲ್ಲಿ ಹತ್ತು ವರ್ಷದ ಮಗು ಆಟದ ಬಯಲಿನಲ್ಲಿ ಆರು ವರ್ಷದ್ದೇ ಆಗಿರಬಹುದು.

ಇಷ್ಟನ್ನು ತೂಗಿದ ಮೇಲೆ, ಕಣ್ಣಿಡುವುದನ್ನು ಬಿಡಬಾರದು, ಹೆಸರಿಡುವುದಕ್ಕೆ ಆತುರಪಡಬಾರದು ಎಂಬ ಕಡೆಗೆ ನನ್ನ ಮನಸ್ಸು ವಾಲುತ್ತದೆ. ಕಲಿಕೆ ಎಲ್ಲೋ ಸಿಕ್ಕಿಹಾಕಿಕೊಂಡ ಮಗುವಿಗೆ ಪರೀಕ್ಷೆ ಬೇಕು, ತಡಮಾಡದೆ ಬೇಕು. ಉಳಿದಂತೆ, ಲೆಕ್ಕ ಬೇಗ ಮುಗಿಸಿದವಳಿಗೆ ಅದೇ ಹೊತ್ತಿಗೆ ಇನ್ನೊಂದು ಕಠಿಣ ಲೆಕ್ಕ, ಪ್ರಶ್ನೆ ಕೇಳಿದವನಿಗೆ ಒಂದು ಪುಸ್ತಕ, ಶನಿವಾರ ಮಧ್ಯಾಹ್ನ ಪ್ರಯೋಗದ ಕೋಣೆಯ ಬೀಗದ ಕೈ. ಇದಕ್ಕೆ ಪ್ರಮಾಣಪತ್ರ ಬೇಡ. ಶಿಕ್ಷಕರು ಕಂಡದ್ದನ್ನು ತಿಂಗಳಿಗೊಮ್ಮೆ ಮಗುವಿನ ಹೆಸರಿನ ಪುಟದಲ್ಲಿ ಬರೆದಿಟ್ಟರೆ, ಎರಡು ಮೂರು ವರ್ಷದ ಬರಹ ಒಂದು ದಿನದ ಅಂಕಕ್ಕಿಂತ ಹೆಚ್ಚು ಹೇಳೀತು. ಇದು ಶಿಕ್ಷಕರ ಮೇಲೆ ಹೊರೆ. ಅದಕ್ಕೆ ಸಮಯ ಕೊಡದೆ ಕೇಳುವುದು ತಪ್ಪು. ಮೊದಲು ಸಮಯ ಕೊಡಬೇಕಾದದ್ದು ಸರ್ಕಾರಿ ಶಾಲೆಯಲ್ಲಿ, ಏಕೆಂದರೆ ಗೇಟಿನ ಒಳಗಿನ ಮಗುವಿನ ಪರವಾಗಿ ಮಾತನಾಡಲು ಮನೆಯಲ್ಲೇ ಜನರಿದ್ದಾರೆ. ಇಟ್ಟಿಗೆ ಲೆಕ್ಕದ ಹುಡುಗಿ ಒಂದು ಕಡೆ ನಿಲ್ಲುವುದಿಲ್ಲ. ಕಟ್ಟಡ ಎದ್ದ ಮೇಲೆ ಶೆಡ್ಡು ಕೀಳುತ್ತಾರೆ, ಸಂಸಾರ ವಜರಹಳ್ಳಿಗೋ ಅದರಾಚೆಗೋ ಹೊರಡುತ್ತದೆ. ಅವಳ ಟಿ.ಸಿ.ಯ ಜೊತೆಗೆ ಆ ಪುಟವೂ ಹೋಗುವಂತಿರಬೇಕು.